ಫೋಟೋ ನಿಜಾನಾ ಅಂತ ಕೇಳಿದ್ರೆ ಏನ್ ತೋರಿಸ್ತೀರಾ?

ಈಗೀಗ ಆಲ್ಬಂ ಬಿಚ್ಚಿ ನಾಲ್ಕು ಹಾಳೆ ತಿರುಗಿಸೋಷ್ಟರಲ್ಲಿ ಯಾರಾದ್ರೂ ಒಬ್ರು ಕೇಳೇ ಕೇಳ್ತಾರೆ, "ಇದು ನಿಜವಾಗ್ಲೂ ತೆಗೆದಿದ್ದಾ, ಇಲ್ಲ ಎಐನಲ್ಲಿ ಮಾಡಿದ್ದಾ?" ಅಂತ. ಸಂಜೆ ಬೆಳಕು ಸರಿಯಾಗಿ ಬೀಳ್ಲಿ ಅಂತ ಮುಕ್ಕಾಲು ಗಂಟೆ ಕಾದು ನಿಂತು ತೆಗೆದ ಫ್ರೇಮ್‌ಗೆ ಈ ಪ್ರಶ್ನೆ ಬಂದ್ರೆ ಹೊಟ್ಟೆ ಉರಿಯತ್ತೆ. ಆದ್ರೆ ಕೇಳೋರದ್ದೇನೂ ತಪ್ಪಿಲ್ಲ, ಅವರು ದಿನಾ ಮೊಬೈಲಲ್ಲಿ ನೋಡೋದೇ ಅಂಥವು. ನಮ್ಮ ಫೋಟೋಗ್ರಾಫರ್‌ಗಳ ಸಂಘದವರು ಹೋದ ಸಲ ಸೇರಿದಾಗ ಇದೇ ಮಾತು ಬಂತು, ಒಬ್ರು ಎಐ ಮುಟ್ಟಲೇಬಾರ್ದು ಅಂದ್ರು, ಇನ್ನೊಬ್ರು ಮುಟ್ಟದಿದ್ರೆ ಹೊಟ್ಟೆಪಾಡು ನಡೆಯಲ್ಲ ಅಂದ್ರು, ಆದ್ರೆ ಕ್ಲೈಂಟ್ ಎದುರಿಗೆ ಕೂತು "ಸರಿ, ನಿಜ ಅಂತ ತೋರಿಸಿ" ಅಂದ್ರೆ ಏನು ತೆಗೆದು ತೋರಿಸೋದು ಅನ್ನೋದಕ್ಕೆ ಯಾರ ಹತ್ರಾನೂ ಪಕ್ಕಾ ಉತ್ತರ ಇರ್ಲಿಲ್ಲ. ನನ್ನ ಪ್ರಕಾರ ನಮ್ಮ ಕಸುಬಿನ ಮುಂದಿರೋ ದೊಡ್ಡ ಪ್ರಶ್ನೆ ಇದೇ. ಎಐ ಒಳ್ಳೇದಾ ಕೆಟ್ಟದ್ದಾ ಅನ್ನೋ ವಾದ ಆಮೇಲೆ ಇಟ್ಕೊಳ್ಳೋಣ.

2024ರಲ್ಲಿ ಏನಾಯ್ತು ನೋಡಿ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ನಡೆಸೋ ಮೆಟಾ ಕಂಪನಿ ಆ ವರ್ಷ ಮೇ ತಿಂಗಳಿಂದ "ಮೇಡ್ ವಿತ್ ಎಐ" ಅಂತ ಲೇಬಲ್ ಹಾಕೋಕೆ ಶುರು ಮಾಡ್ತು. ಉದ್ದೇಶ ಒಳ್ಳೇದೇ, ಜನ ಮೋಸ ಹೋಗಬಾರ್ದು ಅಂತ. ಆದ್ರೆ ಸ್ವಲ್ಪ ದಿನದಲ್ಲೇ ಕ್ಯಾಮೆರಾದಲ್ಲಿ ತೆಗೆದ ಅಪ್ಪಟ ಫೋಟೋಗಳ ಮೇಲೂ ಆ ಲೇಬಲ್ ಕೂರೋಕೆ ಶುರುವಾಯ್ತು. ಅಮೆರಿಕದ ಶ್ವೇತಭವನದ ಫೋಟೋಗ್ರಾಫರ್ ಆಗಿದ್ದ ಪೀಟ್ ಸೂಜಾ 1984ರಲ್ಲಿ, ಅಂದ್ರೆ ಫಿಲ್ಮ್ ರೋಲ್ ಕಾಲದಲ್ಲಿ, ತೆಗೆದ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯದ ಫೋಟೋಗೂ ಎಐ ಅನ್ನೋ ಪಟ್ಟ ಬಂತು. ಫೋಟೋಗ್ರಾಫರ್‌ಗಳೆಲ್ಲ ಸೇರಿ ಗಲಾಟೆ ಮಾಡಿದ್ಮೇಲೆ ಜುಲೈನಲ್ಲಿ ಲೇಬಲ್‌ನ ಪದ "ಎಐ ಇನ್ಫೋ" ಅಂತ ಬದಲಾಯ್ತು.

ಯಾಕೆ ಹಂಗಾಯ್ತು ಅನ್ನೋದು ನಾವೆಲ್ಲ ತಿಳ್ಕೊಂಡಿರಬೇಕಾದ ವಿಷಯ. ಆ ವ್ಯವಸ್ಥೆ ಮುಖ್ಯವಾಗಿ ನೋಡ್ತಿದ್ದಿದ್ದು ಫೈಲ್ ಒಳಗೆ ಬರೆದಿರೋ ಮೆಟಾಡೇಟಾನ, ಚಿತ್ರದಲ್ಲಿ ಏನಿದೆ ಅನ್ನೋದನ್ನಲ್ಲ. ಐಪಿಟಿಸಿ ಅಂತ ಸುದ್ದಿ ಸಂಸ್ಥೆಗಳ ಒಂದು ಅಂತರರಾಷ್ಟ್ರೀಯ ಕೂಟ ಇದೆ, ಕ್ಯಾಪ್ಷನ್, ಕಾಪಿರೈಟ್, ಫೋಟೋಗ್ರಾಫರ್ ಹೆಸರು ಇವೆಲ್ಲ ಫೈಲ್‌ನಲ್ಲಿ ಎಲ್ಲಿ ಹೇಗೆ ಬರೀಬೇಕು ಅಂತ ನಿಯಮ ಮಾಡಿರೋರು ಅವರೇ. ಅದರಲ್ಲಿ "ಡಿಜಿಟಲ್ ಸೋರ್ಸ್ ಟೈಪ್" ಅಂತ ಒಂದು ಕಾಲಂ ಇದೆ, ಪೂರ್ತಿ ಎಐ ಮಾಡಿದ್ದಕ್ಕೆ ಒಂದು ಗುರುತು, ಕ್ಯಾಮೆರಾ ಫೋಟೋಗೆ ಎಐ ತುಣುಕು ಸೇರಿಸಿದ್ದಕ್ಕೆ ಇನ್ನೊಂದು. ಫೋಟೋಶಾಪ್‌ನಲ್ಲಿ ಜನರೇಟಿವ್ ಫಿಲ್ (ಆರಿಸಿದ ಜಾಗಕ್ಕೆ ಎಐ ತಾನೇ ಚಿತ್ರ ತುಂಬಿಸೋ ಟೂಲ್) ಬಳಸಿ ಒಂದೇ ಒಂದು ಧೂಳಿನ ಚುಕ್ಕೆ ಅಳಿಸಿದ್ರೂ ಎರಡನೇ ಗುರುತು ಬೀಳತ್ತೆ, ಅದೇ ಚುಕ್ಕೇನ ಅದೇ ಫೋಟೋದ ಬೇರೆ ಭಾಗ ಕಾಪಿ ಮಾಡಿ ಮುಚ್ಚೋ ಹಳೇ ಕ್ಲೋನ್ ಸ್ಟಾಂಪ್‌ನಲ್ಲಿ ತೆಗೆದ್ರೆ ಏನೂ ಬೀಳಲ್ಲ. ಇನ್ನೊಂದು ಕಡೆ ಯಾರೋ ಪೂರ್ತಿ ಸುಳ್ಳು ಚಿತ್ರ ಮಾಡಿ ಅದರ ಸ್ಕ್ರೀನ್‌ಶಾಟ್ ತೆಗೆದು ಹಾಕಿದ್ರೆ ಮೆಟಾಡೇಟಾ ಎಲ್ಲ ಹೋಗಿರತ್ತೆ, ಓದೋಕೆ ಏನೂ ಉಳಿದಿರಲ್ಲ. ಪ್ರಾಮಾಣಿಕವಾಗಿ ಕೆಲಸ ಮಾಡಿದವನಿಗೆ ಲೇಬಲ್ ಬಿತ್ತು, ಮೋಸ ಮಾಡಿದವನು ತಪ್ಪಿಸ್ಕೊಂಡ. ಬರೀ ಲೇಬಲ್ ನಂಬ್ಕೊಂಡ್ರೆ ಆಗೋದು ಇಷ್ಟೇ.

ನೋಡಿ ಹೇಳ್ತೀವಿ, ನಮಗೆ ಕಣ್ಣು ಪಳಗಿದೆ ಅನ್ನೋರೂ ಇದಾರೆ, ನಾನೂ ಮೊದ್ಲು ಹಂಗೇ ಅಂದ್ಕೊಂಡಿದ್ದೆ. 2023ರ ಸೋನಿ ವರ್ಲ್ಡ್ ಫೋಟೋಗ್ರಫಿ ಅವಾರ್ಡ್ಸ್‌ನಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್ಸೆನ್ ಅನ್ನೋರು ಇಬ್ಬರು ಹೆಂಗಸರ ಹಳೇ ಕಾಲದ ಕಪ್ಪುಬಿಳುಪು ಫೋಟೋ ಥರ ಕಾಣೋ ಒಂದು ಚಿತ್ರ ಕಳಿಸಿ ಓಪನ್ ಸ್ಪರ್ಧೆಯ ಕ್ರಿಯೇಟಿವ್ ವಿಭಾಗದಲ್ಲಿ ಗೆದ್ರು, ಆಮೇಲೆ ಇದು ಎಐನಲ್ಲಿ ಮಾಡಿದ್ದು, ಫೋಟೋ ಅಲ್ಲ ಅಂತ ಹೇಳಿ ಬಹುಮಾನ ಬೇಡ ಅಂದ್ರು. ಮುಂದಿನ ವರ್ಷ ಅದರ ಉಲ್ಟಾ ಆಯ್ತು. ಮೈಲ್ಸ್ ಆಸ್ಟ್ರೇ ಅನ್ನೋ ಫೋಟೋಗ್ರಾಫರ್ ನಿಜವಾದ ಒಂದು ಫ್ಲೆಮಿಂಗೋ ಹಕ್ಕಿಯ ಫೋಟೋನ 1839 ಅವಾರ್ಡ್ಸ್ ಅನ್ನೋ ಸ್ಪರ್ಧೆಯ ಎಐ ವಿಭಾಗಕ್ಕೆ ಕಳಿಸಿದ್ರು. ಹಕ್ಕಿ ಕತ್ತು ಬಗ್ಗಿಸಿ ಹೊಟ್ಟೆ ಕೆರ್ಕೊಳ್ತಾ ಇದೆ, ತಲೆ ಕಾಣಲ್ಲ, ಬರೀ ಗುಲಾಬಿ ಬಣ್ಣದ ಒಂದು ಗುಂಡು ಎರಡು ಕಾಲ ಮೇಲೆ ನಿಂತಂಗೆ ಕಾಣತ್ತೆ. ಜ್ಯೂರಿ ಮೂರನೇ ಸ್ಥಾನ ಕೊಟ್ರು, ಜನರ ವೋಟ್‌ನಲ್ಲೂ ಅದೇ ಗೆಲ್ತು, ಇದು ನಿಜವಾದ ಫೋಟೋ ಅಂತ ಅವರೇ ಹೇಳಿದ್ಮೇಲೆ ಸ್ಪರ್ಧೆಯಿಂದ ಹೊರಗಿಟ್ರು. ಎರಡು ಕಡೆನೂ ಕೂತಿದ್ದವರು ಪಳಗಿದ ಕಣ್ಣಿನವರೇ. ಅದಕ್ಕೇ ಕಣ್ಣಂದಾಜಿನ ಮೇಲೆ ಕಸುಬಿನ ಮರ್ಯಾದೆ ಇಡೋಕಾಗಲ್ಲ ಅಂತ ನಾನು ಹೇಳೋದು.

ಹಾಗಂತ ಎಐ ಬಂದ್ಮೇಲೇ ಈ ಕಾಯಿಲೆ ಶುರುವಾಯ್ತು ಅನ್ನೋದೂ ತಪ್ಪು. 2015ರ ವರ್ಲ್ಡ್ ಪ್ರೆಸ್ ಫೋಟೋ ಅನ್ನೋ ಸುದ್ದಿ ಫೋಟೋಗಳ ಸ್ಪರ್ಧೆಯಲ್ಲಿ ಕೊನೆಯ ಹಂತಕ್ಕಿಂತ ಒಂದು ಹೆಜ್ಜೆ ಹಿಂದೆ ಬಂದಿದ್ದ ಫೋಟೋಗಳಲ್ಲಿ 20 ಪರ್ಸೆಂಟ್‌ನಷ್ಟನ್ನ ಎಡಿಟಿಂಗ್ ಮಿತಿ ಮೀರಿದೆ ಅಂತ ತೆಗೆದು ಹಾಕಿದ್ರು, ಆಗ ಇನ್ನೂ ಜನರೇಟಿವ್ ಟೂಲ್ ಯಾರ ಕೈಯಲ್ಲೂ ಇರ್ಲಿಲ್ಲ. 2024ರ ಮಾರ್ಚ್‌ನಲ್ಲಿ ಬ್ರಿಟನ್ ರಾಜಮನೆತನದಿಂದ ಬಂದ ತಾಯಿ ಮಕ್ಕಳ ಫೋಟೋನ ಎಪಿ, ರಾಯ್ಟರ್ಸ್, ಎಎಫ್‌ಪಿ ಸುದ್ದಿ ಸಂಸ್ಥೆಗಳೆಲ್ಲ ವಾಪಸ್ ತಗೊಂಡಿದ್ದು ನೆನಪಿರಬೇಕು, ಅಲ್ಲಿ ಸಿಕ್ಕಿಬಿದ್ದಿದ್ದು ಮಗಳ ಸ್ವೆಟರ್ ತೋಳಿನ ತುದಿ, ಬಟ್ಟೆ ಒಂದು ಕಡೆ ಮಾಯ ಆಗಿ ಕೈ ಜೊತೆ ಹೊಂದ್ತಾನೇ ಇರ್ಲಿಲ್ಲ. ಮರುದಿನ ತಾಯಿ, ಅಂದ್ರೆ ರಾಜಕುಮಾರಿ ಕೇಟ್, ಹವ್ಯಾಸಕ್ಕೆ ಎಡಿಟ್ ಮಾಡಿದ್ದೆ ಅಂತ ಕ್ಷಮೆ ಕೇಳಿದ್ರು. ಸಾಮಾನ್ಯ ದಿನಗಳಲ್ಲಾಗಿದ್ರೆ ಯಾರೂ ಗಮನಿಸ್ತಿರ್ಲಿಲ್ಲವೇನೋ, ಆದ್ರೆ ಜನ ಆಗ್ಲೇ ಅನುಮಾನದಲ್ಲಿದ್ರು, ಅನುಮಾನ ಇದ್ದಾಗ ಒಂದು ತೋಳಿನ ತುದಿ ಸಾಕು ಇಡೀ ಫೋಟೋ ಮೇಲಿನ ನಂಬಿಕೆ ಹೋಗೋಕೆ.

ಈಗ ನನ್ನದೇ ಒಂದು ವಿಷಯ ಹೇಳ್ತೀನಿ. ಒಂದು ದೊಡ್ಡ ಕುಟುಂಬದ ಗ್ರೂಪ್ ಫೋಟೋ, ಅಜ್ಜಿ ಮಧ್ಯದಲ್ಲಿ ಕುರ್ಚಿ ಮೇಲೆ, ಸುತ್ತ ಮಕ್ಕಳು ಮೊಮ್ಮಕ್ಕಳು. ಆಲ್ಬಂನಲ್ಲಿ ಎರಡು ಪುಟ ತುಂಬೋ ಹಾಗೆ ಹಾಕಬೇಕಿತ್ತು, ಫ್ರೇಮ್‌ನ ಅಗಲ ಸಾಲ್ತಿರ್ಲಿಲ್ಲ, ಬೇರೆ ಫ್ರೇಮ್ ಒಂದರಲ್ಲಿ ಅಜ್ಜಿ ಒಬ್ರೇ ಅಂಚಿನ ಹತ್ರ ಇದ್ರು, ಅದನ್ನೂ ಸ್ವಲ್ಪ ಅಗಲ ಮಾಡಿದೆ. ಗೋಡೆ ತಾನೇ, ಎಐ ತುಂಬಿಸ್ಲಿ ಅಂತ ಬಟನ್ ಒತ್ತಿದೆ, ಗೋಡೆ ಬಂತು, ನೆರಳು ಕೂಡ ಸರಿಯಾಗಿ ಬಂತು, ಸೇವ್ ಮಾಡಿ ಪ್ರಿಂಟಿಗೆ ಕಳಿಸಿದೆ. ಆಲ್ಬಂ ತಗೊಂಡು ಹೋದ ಎರಡನೇ ದಿನ ಆ ಮನೆಯ ಹಿರಿ ಮಗಳು ಫೋನ್ ಮಾಡಿ, "ಸರ್, ಅಮ್ಮನ ಭುಜದ ಮೇಲೆ ಒಂದು ಕೈ ಇದೆಯಲ್ಲ, ಅದು ಯಾರದ್ದು?" ಅಂದ್ರು. ಅಜ್ಜಿ ಒಬ್ರೇ ಇರೋ ಆ ಫೈಲ್ ತೆಗೆದು ದೊಡ್ಡದು ಮಾಡಿ ನೋಡಿದ್ರೆ ನಿಜವಾಗ್ಲೂ ಕುರ್ಚಿಯ ಹಿಂದಿನಿಂದ ನಾಲ್ಕು ಬೆರಳು ಬಂದು ಅಜ್ಜಿಯ ಭುಜದ ಅಂಚಿನ ಮೇಲೆ ಕೂತಿದೆ, ಉಗುರಿನ ಹೊಳಪು ಸಮೇತ. ಆ ಕೈಗೆ ಯಜಮಾನ ಇಲ್ಲ. ಗ್ರೂಪ್ ಫೋಟೋಗಳಲ್ಲಿ ಕುರ್ಚಿ ಹಿಂದೆ ನಿಂತೋರು ಸಾಮಾನ್ಯವಾಗಿ ಭುಜದ ಮೇಲೆ ಕೈ ಇಟ್ಟಿರ್ತಾರೆ, ಅದಕ್ಕೆ ಯಂತ್ರ ಇಲ್ಲೂ ಒಂದು ಕೈ ಇಟ್ಟಿದೆ. ಆಯಮ್ಮ ಬೈಲಿಲ್ಲ, ಬೈದಿದ್ರೇ ಚೆನ್ನಾಗಿತ್ತು. "ಹಾಗಾದ್ರೆ ಬೇರೆ ಫೋಟೋಗಳಲ್ಲಿ ಯಾವುದು ನಿಜ ಸರ್?" ಅಂತ ಮೆಲ್ಲಗೆ ಕೇಳಿದ್ರು. ಆ ಮಾತು ಇವತ್ತಿಗೂ ಕಿವಿಯಲ್ಲಿದೆ. ಪುಟ ಬದಲಿಸಿ ಕೊಟ್ಟೆ, ಜೊತೆಗೆ ಒರಿಜಿನಲ್ ಫೈಲ್‌ಗಳನ್ನ ಸ್ಕ್ರೀನ್ ಮೇಲೆ ಹಾಕಿ ಒಂದೊಂದಾಗಿ ತೋರಿಸಿದೆ, ಆಮೇಲೇ ಅವರ ಮುಖ ಸ್ವಲ್ಪ ತಿಳಿಯಾಗಿದ್ದು.

ಅಲ್ಲಿಂದ ನಾನೊಂದು ಗೆರೆ ಹಾಕ್ಕೊಂಡೆ. ಲೆನ್ಸ್ ಒಳಗೆ ಬಂದಿದ್ದ ಬೆಳಕನ್ನ ತಿದ್ದೋ ಕೆಲಸ ಒಂದು, ಬರದೇ ಇದ್ದಿದ್ದನ್ನ ತಂದು ಕೂರಿಸೋ ಕೆಲಸ ಇನ್ನೊಂದು. ನಾಯ್ಸ್ (ಕಮ್ಮಿ ಬೆಳಕಲ್ಲಿ ಬರೋ ಕಾಳು ಕಾಳು ಚುಕ್ಕೆ) ತೆಗೆಯೋ ಟೂಲ್‌ನಲ್ಲೂ ಈಗ ಎಐ ಇದೆ, ಮುಖ ಗುರುತಿಸಿ ಮಾಸ್ಕ್ ಹಾಕೋದ್ರಲ್ಲೂ ಇದೆ, ಕ್ಯಾಮೆರಾದ ಆಟೋಫೋಕಸ್‌ನಲ್ಲೂ ಇದೆ, ಇವನ್ನೆಲ್ಲ ಬಿಟ್ಟು ಕೆಲಸ ಮಾಡಿ ಅಂದ್ರೆ ಆಗೋ ಮಾತಲ್ಲ. ವರ್ಲ್ಡ್ ಪ್ರೆಸ್ ಫೋಟೋದವರೂ ಎಐ ಅನ್ನೋ ಹೆಸರಿದ್ದ ಟೂಲ್ ಎಲ್ಲ ಬೇಡ ಅಂದಿಲ್ಲ, ಚಿತ್ರಕ್ಕೆ ಹೊಸ ಮಾಹಿತಿ ತಂದು ಸೇರಿಸೋವು ಬೇಡ ಅಂದಿದ್ದಾರೆ. ಸುದ್ದಿ ಫೋಟೋಗೆ ಈ ಗೆರೆ ಕಟ್ಟುನಿಟ್ಟು. ನಮ್ಮ ಆಲ್ಬಂ, ಪೋರ್ಟ್ರೇಟ್, ಪ್ರಾಡಕ್ಟ್ ಕೆಲಸಕ್ಕೆ ಅಷ್ಟು ಬೇಕಾಗಿಲ್ಲ, ಮೊಡವೆ ತೆಗೀರಿ ಅಂದ್ರೆ ತೆಗೀತೀವಿ, ಹಿಂದಿರೋ ಕಸದ ಬುಟ್ಟಿ ಅಳಿಸ್ತೀವಿ, ಆದ್ರೆ ಗೆರೆ ದಾಟಿದ್ರೆ ದಾಟಿದೀವಿ ಅಂತ ಕ್ಲೈಂಟ್‌ಗೆ ಗೊತ್ತಿರಬೇಕು.

ಇನ್ನು ಕ್ಯಾಮೆರಾ ಕಂಪನಿಗಳು ಏನ್ ಮಾಡ್ತಿವೆ ಅನ್ನೋದಕ್ಕೆ ಬರೋಣ, ಯಾಕಂದ್ರೆ ಹೊಸ ಕ್ಯಾಮೆರಾ ಬಾಡಿ ತಗೊಳ್ಳೋವಾಗ ಸೇಲ್ಸ್‌ನವರು ಇದನ್ನ ದೊಡ್ಡದಾಗಿ ಹೇಳ್ತಾರೆ. 2021ರಲ್ಲಿ ಅಡೋಬಿ, ಮೈಕ್ರೋಸಾಫ್ಟ್, ಬಿಬಿಸಿ, ಇಂಟೆಲ್, ಆರ್ಮ್, ಟ್ರೂಪಿಕ್ ಸೇರಿ ಸಿ2ಪಿಎ ಅನ್ನೋ ಕೂಟ ಮಾಡಿದ್ರು, ಅವರು ತಂದ ವ್ಯವಸ್ಥೆಗೆ ಕಂಟೆಂಟ್ ಕ್ರೆಡೆನ್ಷಿಯಲ್ಸ್ ಅಂತ ಹೆಸರು. 2023ರ ಅಕ್ಟೋಬರ್‌ನಲ್ಲಿ ಬಂದ ಲೈಕಾ ಎಂ11-ಪಿ ಇದನ್ನ ಒಳಗೇ ಇಟ್ಕೊಂಡು ಬಂದ ಮೊದಲ ಕ್ಯಾಮೆರಾ. ಕೆಲಸ ಮಾಡೋ ರೀತಿ ಸರಳವಾಗಿ ಹೇಳಬೇಕು ಅಂದ್ರೆ, ಶಟರ್ ಒತ್ತಿದ ಕ್ಷಣದಲ್ಲಿ ಕ್ಯಾಮೆರಾ ಆ ಚಿತ್ರದ ಎಲ್ಲಾ ಡೇಟಾ ಸೇರಿಸಿ ಒಂದು ಚಿಕ್ಕ ಲೆಕ್ಕದ ಸಂಖ್ಯೆ ಮಾಡತ್ತೆ, ತನ್ನೊಳಗಿರೋ ಗುಟ್ಟಿನ ಕೀ ಬಳಸಿ ಅದಕ್ಕೆ ಸಹಿ ಹಾಕತ್ತೆ, ಸಹಿ ಫೈಲ್ ಜೊತೆಗೇ ಹೋಗತ್ತೆ. ಆಮೇಲೆ ಯಾರಾದ್ರೂ ಒಂದು ಪಿಕ್ಸೆಲ್ ಬದಲಿಸಿದ್ರೂ ಲೆಕ್ಕ ತಾಳೆ ಆಗಲ್ಲ. ಈ ವ್ಯವಸ್ಥೆ ಗೊತ್ತಿರೋ ಸಾಫ್ಟ್‌ವೇರ್‌ನಲ್ಲಿ ಎಡಿಟ್ ಮಾಡಿದ್ರೆ, ಯಾವ ಥರದ ಬದಲಾವಣೆ ಆಯ್ತು ಅನ್ನೋದು ಸರಪಳಿ ಥರ ಹಿಂದಿನ ಸಹಿಗೆ ಸೇರ್ಕೊಳ್ತಾ ಹೋಗತ್ತೆ.

ಕೇಳೋಕೆ ಭದ್ರ ಅನ್ಸತ್ತೆ. ಆದ್ರೆ ಇತಿಹಾಸ ಸ್ವಲ್ಪ ನೋಡ್ಕೊಳ್ಳಿ. ಕ್ಯಾನನ್ ಮತ್ತೆ ನಿಕಾನ್ ಹಿಂದೆಯೇ ಇಂಥ ಒರಿಜಿನಲ್ ಅಂತ ಸಾಬೀತು ಮಾಡೋ ವ್ಯವಸ್ಥೆ ಮಾರ್ತಿದ್ವು. 2010ರಲ್ಲಿ ಎಲ್ಕಮ್‌ಸಾಫ್ಟ್ ಅನ್ನೋ ಕಂಪನಿ ಕ್ಯಾನನ್‌ದನ್ನ ಮುರೀತು, ಚಂದ್ರನ ಮೇಲೆ ಸೋವಿಯತ್ ಬಾವುಟ ನೆಟ್ಟಿರೋ ಚಿತ್ರಾನ ಆ ವ್ಯವಸ್ಥೆ ಒರಿಜಿನಲ್ ಅಂತ ಒಪ್ಕೊಳ್ಳೋ ಹಾಗೆ ಮಾಡಿ ತೋರಿಸ್ತು, 2011ರಲ್ಲಿ ನಿಕಾನ್‌ದೂ ಮುರೀತು. ಈಗಿನ ಸಿ2ಪಿಎ ಕಾಲದಲ್ಲೂ 2025ರ ಸೆಪ್ಟೆಂಬರ್‌ನಲ್ಲಿ ನಿಕಾನ್ ಝಡ್6 ಮಾರ್ಕ್ ಮೂರರ ಸಹಿ ಸೇವೇನ ನಿಲ್ಲಿಸಿ ಕೊಟ್ಟಿದ್ದ ಸರ್ಟಿಫಿಕೇಟ್ ಎಲ್ಲ ರದ್ದು ಮಾಡಬೇಕಾಯ್ತು, ಯಾಕಂದ್ರೆ ಒಂದರ ಮೇಲೊಂದು ಚಿತ್ರ ಸೇರಿಸೋ ಮಲ್ಟಿಪಲ್ ಎಕ್ಸ್‌ಪೋಷರ್ ಮೋಡ್ ಬಳಸಿ ಆ ಕ್ಯಾಮೆರಾ ಸಹಿ ಹಾಕದೇ ಇದ್ದ ಚಿತ್ರಕ್ಕೂ ಸಹಿ ಬೀಳೋ ಹಾಗೆ ಮಾಡಬಹುದು ಅಂತ ಒಬ್ರು ಕಂಡುಹಿಡಿದ್ರು. ಇನ್ನೂ ಒಂದು ತೊಂದ್ರೆ ಇದೆ, ಸ್ಕ್ರೀನ್ ಮೇಲಿರೋ ಸುಳ್ಳು ಚಿತ್ರಕ್ಕೆ ಕ್ಯಾಮೆರಾ ಹಿಡಿದು ಕ್ಲಿಕ್ ಮಾಡಿದ್ರೆ ಕ್ಯಾಮೆರಾ ಅದಕ್ಕೂ ನಿಯತ್ತಾಗಿ ಸಹಿ ಹಾಕತ್ತೆ. ಅದನ್ನ ಹಿಡಿಯೋಕೆ ಸೋನಿಯವರು ಎದುರಿಗಿರೋದು ಚಪ್ಪಟೆಯಾಗಿದೆಯಾ ಆಳ ಇದೆಯಾ ಅನ್ನೋ ಮಾಹಿತೀನೂ ಜೊತೆಗೆ ಸೇರಿಸ್ತಿದ್ದಾರೆ. ಒಟ್ಟಲ್ಲಿ ಸಹಿ ಹೇಳೋದು ಈ ಫೈಲ್ ಈ ಕ್ಯಾಮೆರಾದಿಂದ ಬಂತು ಅಂತ ಅಷ್ಟೇ, ಎದುರಿಗಿದ್ದಿದ್ದು ನಿಜ ಅಂತ ಅಲ್ಲ. ನಿಮ್ಮ ಬಾಡಿಯಲ್ಲಿ ಇದ್ರೆ ಆನ್ ಮಾಡಿ ಇಟ್ಕೊಳ್ಳಿ, ಆದ್ರೆ ಇದಕ್ಕೋಸ್ಕರಾನೇ ಚೆನ್ನಾಗಿರೋ ಬಾಡಿ ಮಾರಿ ಸಾಲ ಮಾಡಿ ಹೊಸದು ತಗೋಬೇಡಿ.

ಯಾಕಂದ್ರೆ ನಮ್ಮೆಲ್ಲರ ಹತ್ರ ಆಗ್ಲೇ ಒಂದು ಸಾಕ್ಷಿ ಇದೆ, ರಾ ಫೈಲ್. ರಾ ಅಂದ್ರೆ ಸೆನ್ಸರ್‌ನ ಒಂದೊಂದು ಚುಕ್ಕೆ ಮೇಲೂ ಕೆಂಪು ಅಥವಾ ಹಸಿರು ಅಥವಾ ನೀಲಿ, ಯಾವುದೋ ಒಂದೇ ಬಣ್ಣದ ಬೆಳಕು ಎಷ್ಟು ಬಿತ್ತು ಅನ್ನೋ ಕಚ್ಚಾ ಲೆಕ್ಕ. ಚಿತ್ರ ಸುಳ್ಳು ಮಾಡೋದು ಸುಲಭ, ಅದಕ್ಕೆ ತಕ್ಕ ಕಚ್ಚಾ ಲೆಕ್ಕಾನೂ ಸರಿಯಾಗಿ ಹುಟ್ಟಿಸೋದು ಬಹಳ ಕಷ್ಟ. ಅದರ ಮೇಲೆ ಪ್ರತಿ ಸೆನ್ಸರ್‌ಗೂ ತಯಾರಿಯಲ್ಲೇ ಬಂದ ಸಣ್ಣ ಏರುಪೇರು ಇರತ್ತೆ, ಕೆಲವು ಚುಕ್ಕೆ ಒಂಚೂರು ಜಾಸ್ತಿ ಬೆಳಕು ಹಿಡಿಯತ್ತೆ, ಕೆಲವು ಕಮ್ಮಿ, ಬೆರಳಚ್ಚು ಥರ. ಈ ಗುರುತಿನಿಂದ ಯಾವ ಫೋಟೋ ಯಾವ ಕ್ಯಾಮೆರಾದ್ದು ಅಂತ ಹೇಳಬಹುದು ಅನ್ನೋದನ್ನ ಜೆಸ್ಸಿಕಾ ಫ್ರಿಡ್ರಿಕ್ ಮತ್ತೆ ಅವರ ಜೊತೆಗಾರರು 2006ರಲ್ಲೇ ತೋರಿಸಿದ್ರು. ಇನ್ನೂ ದೊಡ್ಡ ಸಾಕ್ಷಿ ಅಂದ್ರೆ ಆ ಫ್ರೇಮ್‌ನ ಹಿಂದೆ ಮುಂದೆ ಇರೋ ಫ್ರೇಮ್‌ಗಳು. ಒಂದರಲ್ಲಿ ಕಣ್ಣು ಮುಚ್ಚಿದೆ, ಇನ್ನೊಂದರಲ್ಲಿ ಫೋಕಸ್ ತಪ್ಪಿದೆ, ಮತ್ತೊಂದರಲ್ಲಿ ಯಾರೋ ಅಡ್ಡ ಬಂದಿದ್ದಾರೆ. ಸುಳ್ಳು ಮಾಡೋರು ಒಂದು ಚೆನ್ನಾಗಿರೋ ಚಿತ್ರ ಮಾಡ್ತಾರೆ, ಅದರ ಸುತ್ತ ಕೆಟ್ಟು ಹೋದ ಹನ್ನೆರಡು ಚಿತ್ರ ಯಾರೂ ಮಾಡಲ್ಲ.

ಹಂಗಾಗಿ ಕಲ್ಲಿಂಗ್ ಮಾಡೋವಾಗ, ಅಂದ್ರೆ ಚೆನ್ನಾಗಿರೋ ಫ್ರೇಮ್ ಆರಿಸೋವಾಗ, ರಿಜೆಕ್ಟ್ ಫ್ರೇಮ್‌ಗಳನ್ನ ಪೂರ್ತಿ ಡಿಲೀಟ್ ಮಾಡೋ ಅಭ್ಯಾಸ ಬಿಡಿ ಅಂತ ಎಲ್ಲರನ್ನೂ ಕೇಳ್ಕೊಳ್ತೀನಿ. ಜಾಗ ಸಾಲಲ್ಲ ಅನ್ನೋದು ನಿಜ, ಕನಿಷ್ಠ ಫೈನಲ್ ಆದ ಪ್ರತಿ ಫ್ರೇಮ್‌ನ ಅಕ್ಕಪಕ್ಕದ ಎರಡು ಮೂರಾದ್ರೂ ಇಟ್ಕೊಳ್ಳಿ. ಫೈಲ್‌ಗೆ ಹೊಸ ಹೆಸರು ಕೊಟ್ರೂ ಕ್ಯಾಮೆರಾ ಕೊಟ್ಟ ನಂಬರ್ ಅದರಲ್ಲಿ ಉಳೀಲಿ, ಸರಣಿ ಗೊತ್ತಾಗೋದು ಅದರಿಂದಾನೇ. ರಾ ಫೈಲ್‌ನ ಡಿಎನ್‌ಜಿ ಅನ್ನೋ ಅಡೋಬಿಯ ಫೈಲ್ ನಮೂನೆಗೆ ಬದಲಾಯಿಸೋರು ಕ್ಯಾಮೆರಾದ ಮೂಲ ಫೈಲ್ ಬಿಸಾಡಬೇಡಿ. ಕ್ಯಾಮೆರಾದ ಗಡಿಯಾರ ಸರಿ ಇದೆಯಾ ನೋಡ್ಕೊಳ್ಳಿ, ಎರಡು ಬಾಡಿ ಇಟ್ಕೊಂಡು ಶೂಟ್ ಮಾಡೋರು ಎರಡರದ್ದೂ ಒಂದೇ ಟೈಮಿಗೆ ಇಡಿ, ಒಂದರಲ್ಲಿ ಬೆಳಿಗ್ಗೆ ಒಂದರಲ್ಲಿ ಮಧ್ಯರಾತ್ರಿ ಅಂತ ಇದ್ರೆ ಆ ಮೆಟಾಡೇಟಾ ಇಟ್ಕೊಂಡು ಯಾರಿಗೆ ಏನು ಸಾಬೀತು ಮಾಡ್ತೀರಾ. ಬ್ಯಾಕಪ್ ವಿಷಯಕ್ಕೆ ಪೀಟರ್ ಕ್ರೋ ಅನ್ನೋ ಫೋಟೋಗ್ರಾಫರ್ ಜನಪ್ರಿಯ ಮಾಡಿದ 3-2-1 ಲೆಕ್ಕಾನೇ ಈಗ್ಲೂ ಸರಿ, ಒಟ್ಟು 3 ಕಾಪಿ, 2 ಬೇರೆ ಬೇರೆ ಥರದ ಸ್ಟೋರೇಜ್, 1 ಬೇರೆ ಜಾಗದಲ್ಲಿ.

ಕಾಪಿರೈಟ್ ಬಗ್ಗೆ ಸ್ವಲ್ಪ. 1886ರ ಬರ್ನ್ ಒಪ್ಪಂದದ ದೇಶಗಳಲ್ಲಿ ಹಕ್ಕು ಹುಟ್ಟೋಕೆ ಎಲ್ಲೂ ರಿಜಿಸ್ಟರ್ ಮಾಡಿಸ್ಬೇಕು ಅಂತಿಲ್ಲ, ಕೃತಿ ಮಾಡಿದ್ರೆ ಹಕ್ಕು ಬಂತು, ಉಳಿದ ವಿವರ ಆಯಾ ದೇಶದ ಕಾನೂನಿನ ಪ್ರಕಾರ. ಆದ್ರೆ ಯಂತ್ರ ತಾನೇ ಮಾಡಿದ್ದಕ್ಕೆ ಹಕ್ಕು ಸಿಗತ್ತಾ ಅನ್ನೋದು ಬೇರೆ ಮಾತು. 2025ರ ಮಾರ್ಚ್‌ನಲ್ಲಿ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ ಲೇಖಕ ಮನುಷ್ಯನೇ ಆಗಿರಬೇಕು ಅಂತ ಹೇಳ್ತು. ಅಂದ್ರೆ ನೀವು ಮಾಡೆಲ್‌ನ ತೆಗೆದು ಹಿಂದಿನ ಇಡೀ ಬ್ಯಾಕ್‌ಗ್ರೌಂಡ್ ಎಐನಿಂದ ಹಾಕಿಸಿ ಜಾಹೀರಾತಿಗೆ ಕೊಟ್ರೆ, ಆ ಬ್ಯಾಕ್‌ಗ್ರೌಂಡ್ ನಿಮ್ಮದು ಅಂತ ಹೇಳೋಕೆ ಆಗದೇ ಇರಬಹುದು, ಪೂರ್ತಿ ಹಕ್ಕು ಬರ್ಕೊಡ್ತೀನಿ ಅಂತ ಕ್ಲೈಂಟ್ ಜೊತೆ ಸಹಿ ಹಾಕಿದ್ರೆ ಸಿಕ್ಕಿ ಹಾಕ್ಕೊಳ್ಳೋದು ನೀವೇ. ನಮ್ಮ ಫೋಟೋ ತಗೊಂಡು ಎಐಗೆ ಕಲಿಸ್ತಾರಲ್ಲ ಅನ್ನೋ ಸಿಟ್ಟು ಎಲ್ಲರಿಗೂ ಇದೆ, ನನಗೂ ಇದೆ. ಎಐಗೆ ಕಲಿಸೋಕೆ ಅಂತ 2022ರಲ್ಲಿ ಬಂದ ಲಯಾನ್-5ಬಿ ಅನ್ನೋ ಒಂದೇ ಸಂಗ್ರಹದಲ್ಲಿ 585 ಕೋಟಿ ಚಿತ್ರಗಳ ಕೊಂಡಿ ಇತ್ತು. ಆ ಸಂಗ್ರಹ ಮಾಡಿದ ಸಂಸ್ಥೆ ಮೇಲೆ ಜರ್ಮನಿಯ ಫೋಟೋಗ್ರಾಫರ್ ಒಬ್ರು ಹಾಕಿದ್ದ ಕೇಸು 2024ರ ಸೆಪ್ಟೆಂಬರ್‌ನಲ್ಲಿ ಹ್ಯಾಂಬರ್ಗ್ ಕೋರ್ಟ್‌ನಲ್ಲಿ ಆ ಫೋಟೋಗ್ರಾಫರ್ ವಿರುದ್ಧವೇ ಹೋಯ್ತು, ವೈಜ್ಞಾನಿಕ ಸಂಶೋಧನೆಗೆ ಇರೋ ವಿನಾಯಿತಿ ಅಂತ. ಯುರೋಪ್‌ನ 2019ರ ಕಾನೂನಿನಲ್ಲಿ ಬೇರೆ ಉದ್ದೇಶಕ್ಕೆ ಬಳಸಬೇಡಿ ಅಂತ ಹಕ್ಕುದಾರ ಮೊದಲೇ ಹೇಳಿಡೋಕೆ ದಾರಿ ಇದೆ, ಅದು ಯಂತ್ರಕ್ಕೆ ಓದೋಕೆ ಬರೋ ರೀತಿ ಇರಬೇಕು. ಐಪಿಟಿಸಿ ಮೆಟಾಡೇಟಾದಲ್ಲೂ 2023ರಿಂದ ಇದನ್ನ ಹೇಳೋಕೆ ಡೇಟಾ ಮೈನಿಂಗ್ ಅಂತ ಒಂದು ಕಾಲಂ ಸೇರಿದೆ. ಅದು ತುಂಬಿದ ತಕ್ಷಣ ಕಳ್ಳತನ ನಿಲ್ಲಲ್ಲ. ಆದ್ರೂ ತುಂಬಿ, ನಾಳೆ ವಾದ ಬಂದಾಗ ನಾನು ಬೇಡ ಅಂದಿದ್ದೆ ಅನ್ನೋದಕ್ಕೆ ಒಂದು ದಾಖಲೆ ಇರತ್ತೆ.

ಅಗ್ರಿಮೆಂಟ್‌ನಲ್ಲಿ ಮೂರು ಸಾಲು ಸೇರಿಸಿದ್ರೆ ಅರ್ಧ ಜಗಳ ಮೊದ್ಲೇ ಮುಗಿಯತ್ತೆ ಅಂತ ನನ್ನ ಅನುಭವ. ನಾನೀಗ ಬರ್ಕೊಳ್ಳೋದು ಹೀಗೆ: "ಬಣ್ಣ, ಬೆಳಕು, ಚರ್ಮದ ಸಣ್ಣ ರಿಟಚ್ ಮಾಡ್ತೀವಿ. ಫೋಟೋದಲ್ಲಿ ಇಲ್ಲದ ವ್ಯಕ್ತಿ, ವಸ್ತು ಅಥವಾ ದೇಹದ ಭಾಗವನ್ನ ನಿಮ್ಮನ್ನ ಕೇಳದೆ ಸೇರಿಸಲ್ಲ, ಕೇಳಿ ಸೇರಿಸಿದ್ರೆ ಆ ಫೈಲ್‌ನ ಹೆಸರಲ್ಲೇ ಗುರುತು ಇರತ್ತೆ. ಒರಿಜಿನಲ್ ಫೈಲ್‌ನ ಇಂತಿಷ್ಟು ಕಾಲ ಇಟ್ಕೊಂಡಿರ್ತೀವಿ, ಬಂದು ನೋಡಬಹುದು." ಎಷ್ಟು ಕಾಲ ಅನ್ನೋದು ನಿಮ್ಮ ಹಾರ್ಡ್ ಡಿಸ್ಕ್ ನೋಡಿ ಬರೀರಿ, ಆದ್ರೆ ಬರೀರಿ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಜನರೇಟಿವ್ ಫಿಲ್ ಥರದ ಟೂಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಕೆಲಸ ಮಾಡಲ್ಲ, ಚಿತ್ರ ಕಂಪನಿಯ ಸರ್ವರ್‌ಗೆ ಹೋಗಿ ಬರತ್ತೆ. ಇನ್ನೂ ಬಿಡುಗಡೆ ಆಗದ ಪ್ರಾಡಕ್ಟ್, ಮಕ್ಕಳ ಫೋಟೋ, ಆಸ್ಪತ್ರೆಯೊಳಗೆ ತೆಗೆದಿದ್ದು, ಗುಟ್ಟಾಗಿಡ್ತೀನಿ ಅಂತ ಸಹಿ ಹಾಕಿಕೊಟ್ಟ ಕೆಲಸ, ಇವನ್ನೆಲ್ಲ ಅದರಲ್ಲಿ ಹಾಕೋ ಮೊದ್ಲು ಯೋಚ್ನೆ ಮಾಡಿ, ಕ್ಲೈಂಟ್‌ನ ಕೇಳಿ. 2024ರಲ್ಲಿ ಅಡೋಬಿ, 2025ರಲ್ಲಿ ದೊಡ್ಡ ಫೈಲ್ ಕಳಿಸೋ ಸೇವೆ ವೀಟ್ರಾನ್ಸ್‌ಫರ್ ತಮ್ಮ ಷರತ್ತಿನ ಪದ ಬದಲಿಸಿದಾಗ ಗ್ರಾಹಕರು ಗಾಬರಿ ಬಿದ್ದು ಕೇಳಿದ್ಮೇಲೆ ಎರಡೂ ಕಂಪನಿಗಳು ನಿಮ್ಮ ಫೈಲ್‌ನಿಂದ ಎಐಗೆ ಕಲಿಸಲ್ಲ ಅಂತ ಬಿಡಿಸಿ ಹೇಳಬೇಕಾಯ್ತು. ಕೇಳಿದ್ದಕ್ಕೇ ಉತ್ತರ ಬಂದಿದ್ದು.

ಸಂಘ ಅಂತ ನಾವು ಮಾಡಬಹುದಾದ್ದು ಇಲ್ಲಿದೆ. ಒಬ್ಬ ಫೋಟೋಗ್ರಾಫರ್ ಈ ಮೂರು ಸಾಲು ಬರ್ಕೊಂಡ್ರೆ ಕ್ಲೈಂಟ್‌ಗೆ ಅದು ವಿಚಿತ್ರ ಅನ್ಸತ್ತೆ, ಇವನಿಗೇನೋ ಭಯ ಅಂದ್ಕೊಳ್ತಾರೆ. ಸದಸ್ಯರೆಲ್ಲ ಒಂದೇ ಥರ ಬರ್ಕೊಂಡ್ರೆ ಅದೇ ಪದ್ಧತಿ ಆಗತ್ತೆ. ಯಾರಾದ್ರೂ ಸದಸ್ಯರ ಫೋಟೋ ಮೇಲೆ ಅನುಮಾನ ಬಂದ್ರೆ ಕೂಗಾಡೋ ಬದಲು ಇಬ್ರು ಹಿರಿಯರು ಕೂತು ರಾ ಫೈಲ್, ಅಕ್ಕಪಕ್ಕದ ಫ್ರೇಮ್ ನೋಡಿ ಒಂದು ಹಾಳೆಯಲ್ಲಿ ಬರೆದು ಕೊಡಲಿ. ನಮ್ಮ ಸ್ಪರ್ಧೆಗಳಲ್ಲೂ ಬಹುಮಾನ ಘೋಷಿಸೋ ಮುಂಚೆ ಒರಿಜಿನಲ್ ಕೇಳೋಣ, ಎಐ ಚಿತ್ರ ಮಾಡೋರಿಗೆ ಬೇಕಾದ್ರೆ ಬೇರೆ ವಿಭಾಗ ಇಡೋಣ, ಅವರನ್ನ ಕಳ್ಳರ ಥರ ನೋಡೋದು ಬೇಡ. ತಪ್ಪು ಮಾಡಿದ ಸದಸ್ಯರನ್ನ ಹೆದರಿಸೋದೂ ಬೇಡ, ನಾನೇ ಒಂದು ಕೈ ಸೇರಿಸಿ ಪ್ರಿಂಟ್ ಮಾಡಿ ಕೊಟ್ಟವನು, ಹೆದರಿಸಿದ್ರೆ ಯಾರೂ ಒಪ್ಕೊಳ್ಳಲ್ಲ, ಮುಚ್ಚಿಡ್ತಾರೆ.

ಮುಂದಿನ ಸಲ ಸೇರೋವಾಗ ಎಲ್ಲರೂ ತಮ್ಮ ತಮ್ಮ ಅಗ್ರಿಮೆಂಟ್‌ನ ಒಂದು ಕಾಪಿ ತನ್ನಿ, ಪಕ್ಕಪಕ್ಕ ಇಟ್ಟು ಒಂದು ಮಾಡೋಣ. ಅಷ್ಟರೊಳಗೆ ಫೋಟೋ ಎಡಿಟ್ ಮಾಡೋ ಲೈಟ್‌ರೂಂ ಸಾಫ್ಟ್‌ವೇರ್ ತೆಗೆದು ಎಕ್ಸ್‌ಪೋರ್ಟ್ ವಿಂಡೋದಲ್ಲಿ ಮೆಟಾಡೇಟಾ ಅನ್ನೋ ಕಡೆ ಏನಿದೆ ನೋಡ್ಕೊಳ್ಳಿ, ತುಂಬಾ ಜನರದ್ದು ಯಾವತ್ತೋ ಸೆಟ್ ಮಾಡಿದ "ಕಾಪಿರೈಟ್ ಓನ್ಲಿ"ಯಲ್ಲೇ ನಿಂತಿರತ್ತೆ, ತೆಗೆದ ದಿನ, ಸಮಯ, ಕ್ಯಾಮೆರಾ, ಲೆನ್ಸ್ ಎಲ್ಲಾ ಅಲ್ಲೇ ಉದುರಿ ಹೋಗ್ತಿರತ್ತೆ. ಕ್ಲೈಂಟ್‌ಗೆ ಕೊಡೋ ದೊಡ್ಡ ಫೈಲ್‌ಗಳಿಗೆ "ಆಲ್ ಮೆಟಾಡೇಟಾ" ಇಡಿ, ಮನೆ ಮಕ್ಕಳ ಫೋಟೋ ಇದ್ರೆ ಅದರ ಕೆಳಗಿರೋ ಲೊಕೇಶನ್ ತೆಗೆಯೋ ಟಿಕ್ ಮಾತ್ರ ಹಾಕಿ.